‘ರ’ ಅಕ್ಷರ ಕೊಯ್ದವಳು

ರವೆ ಎಂಬ ಕಂಪ್ಯೂಟರ್ ಭಾಷೆಯ ಈಗಿನ ಲೋಗೊ ನಾನು ಮಾಡಿದ್ದಲ್ಲ. ಮಾಡಿದವಳು ನನ್ನ ತಂಗಿ ವಾರಿಜ. ಮೂಡುಬಿದಿರೆಯ ಸಭೆಯಲ್ಲಿ ಅದಕ್ಕಾಗಿ ಶಾಲು ಹೊದೆಸಿಕೊಂಡವನು ನಾನು. ಇದನ್ನು ಮೊದಲಿಗೇ ಬರೆದುಬಿಟ್ಟರೆ ಉಳಿದದ್ದನ್ನು ಬರೆಯುವಾಗ ಕೈ ತಡೆಯಲಿಕ್ಕಿಲ್ಲ ಎಂದುಕೊಂಡಿದ್ದೇನೆ.

ಬಂಟ್ವಾಳದ ಬಿ.ಸಿ.ರೋಡು ಪೇಟೆಯಲ್ಲಿ ನಲವತ್ತು ವರ್ಷದ ಹತ್ತಿರ ಬೋರ್ಡು ಬರೆದು ಈಗ ಕೆಲಸ ಬಿಟ್ಟು ಕೂತವನು ನಾನು. ಶಾಲೆಗೆ ಹೋದದ್ದು ಆರನೆಯ ಕ್ಲಾಸಿನವರೆಗೆ. ನನ್ನ ಜೀವಮಾನದಲ್ಲಿ ಎಷ್ಟು ಅಕ್ಷರ ಬರೆದಿದ್ದೇನೋ ಲೆಕ್ಕವಿಲ್ಲ, ಆದರೆ ಎರಡು ಪುಟ ಸೇರಿಸಿ ಬರೆಯುತ್ತಿರುವುದು ಇದೇ ಮೊದಲು. ಬರೆಯಲು ಹೇಳಿದವಳು ಸಫಿಯಾ. ಅವಳು ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. "ಸಂಜೀವಣ್ಣ, ಈಗ ಡಿಸೈನ್ ಕಲಿಯುವ ಮಕ್ಕಳಿಗೆ ನಿಮ್ಮ ಕಾಲದ ಕೆಲಸ ಹೇಗಿತ್ತು ಅಂತ ಗೊತ್ತಿಲ್ಲ. ಬರೆದು ಕೊಡಿ. ಲೋಗೊ ಮಾಡಿದ ಕಥೆಯೂ ಅದರಲ್ಲಿ ಇರಲಿ" ಎಂದಳು. ಕೊನೆಯ ಮಾತು ಕೇಳಿದಾಗ ಚಹಾದ ಲೋಟ ಕೆಳಗಿಟ್ಟೆ. ಆದರೂ ಹ್ಞೂಂ ಅಂದೆ.

ಮಕ್ಕಳೇ, ನನಗೆ ಕೆಲಸ ಕಲಿಸಿದವರು ಮೋನಪ್ಪ ಮಾಸ್ಟ್ರು. ಅವರ ಹತ್ತಿರ ಮೊದಲ ಒಂದು ವರ್ಷ ನಾನು ಅಕ್ಷರ ಬರೆಯಲೇ ಇಲ್ಲ. ಗೆರೆ ಮಾತ್ರ. ಬ್ರಶ್ಶು ಹಿಡಿದು ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ. ಗೆರೆ ಒಂದು ಕೂದಲಷ್ಟು ಬಾಗಿದರೂ ಸೀಮೆಎಣ್ಣೆ ಬಟ್ಟೆಯಲ್ಲಿ ಇಡೀ ಹಲಗೆ ಒರೆಸಿಬಿಡುತ್ತಿದ್ದರು. ಬೈಯುತ್ತಿರಲಿಲ್ಲ. ಒರೆಸುವುದು ಮಾತ್ರ. ಬೈದಿದ್ದರೆ ಒಳ್ಳೆಯದಿತ್ತು ಅನಿಸುತ್ತಿತ್ತು.

ಅಕ್ಷರಕ್ಕೆ ಬಂದ ಮೇಲೆ ಇನ್ನೊಂದು ಪಾಠ. ಬೋರ್ಡು ಮುಗಿದ ಕೂಡಲೆ ಹೇಳುವರು: "ನಡಿ, ಆಚೆ ಹೋಗಿ ಓದು." ಆಚೆ ಎಂದರೆ ಹೆದ್ದಾರಿಯ ಆಚೆ. ಬಿ.ಸಿ.ರೋಡಿನಲ್ಲಿ ರಸ್ತೆ ದಾಟುವುದು ಆಗಲೂ ಸುಲಭ ಇರಲಿಲ್ಲ, ನಾಲ್ಕು ದಿಕ್ಕಿನಿಂದ ಬಸ್ಸು. ಜೀವ ಕೈಯಲ್ಲಿ ಹಿಡಿದು ಆಚೆ ಮುಟ್ಟಿ, ಧೂಳಿನ ನಡುವೆ ಬೋರ್ಡು ಓದಬೇಕು. ಅಲ್ಲಿಂದ ಓದಲಾಗದಿದ್ದರೆ ಎಷ್ಟು ಚಂದ ಬರೆದರೂ ಅದು ಬೋರ್ಡಲ್ಲ. ಇಷ್ಟು ಕಲಿತರೆ ಈ ಕೆಲಸದ ಅರ್ಧ ಕಲಿತ ಹಾಗೆ. ಉಳಿದ ಅರ್ಧ ನಾನು ಮನೆಯಲ್ಲಿ ಕಲಿತೆ, ನನಗಿಂತ ಮೂರು ವರ್ಷಕ್ಕೆ ಸಣ್ಣವಳಿಂದ.

ವಾರಿಜ ಶಾಲೆ ಬಿಟ್ಟು ಅಮ್ಮನ ಜೊತೆ ಬೀಡಿ ಕಟ್ಟುತ್ತಿದ್ದಳು. ಬೀಡಿ ಕಟ್ಟುವವರಿಗೆ ಒಂದು ತಗಡಿನ ಅಳತೆ ಇರುತ್ತದೆ. ಅದನ್ನು ಎಲೆಯ ಮೇಲಿಟ್ಟು ಸುತ್ತ ಕತ್ತರಿ ಆಡಿಸಬೇಕು, ಎಲ್ಲ ಎಲೆಯೂ ಒಂದೇ ಅಳತೆಗೆ ಬರಬೇಕು. ಅವಳು ಸ್ವಲ್ಪ ದಿನದಲ್ಲೇ ಆ ತಗಡು ಬದಿಗಿಟ್ಟಳು. ಅಳತೆ ಇಲ್ಲದೆ ಕೊಯ್ದ ಎಲೆಯನ್ನು ತಗಡಿನ ಮೇಲಿಟ್ಟು ನೋಡಿದರೆ ಒಂದಕ್ಕೊಂದು ಸರಿ. ನಾನು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಅಕ್ಷರ ಬರೆದು ಅಭ್ಯಾಸ ಮಾಡಿ ಮೂಲೆಗೆ ಎಸೆದದ್ದನ್ನು ಅವಳು ಹೆಕ್ಕಿ, ಅದೇ ಕತ್ತರಿಯಲ್ಲಿ ಅಕ್ಷರ ಕೊಯ್ದು ಗೋಡೆಗೆ ಅಂಟಿಸುತ್ತಿದ್ದಳು. ನಾನು ಬರೆದ ‘ಮ’ಕ್ಕೂ ಅವಳು ಕೊಯ್ದ ‘ಮ’ಕ್ಕೂ ವ್ಯತ್ಯಾಸ ಇರುತ್ತಿತ್ತು. ಅವಳದ್ದು ಕೂತ ಹಾಗೆ ಕಾಣುತ್ತಿತ್ತು. ನನ್ನದು ಕೂರಿಸಿದ ಹಾಗೆ.

ಇಲ್ಲಿ ನಾನು ಮಾತುಗಳನ್ನು ಕನ್ನಡದಲ್ಲಿ ಬರೆಯುತ್ತೇನೆ. ನಿಜಕ್ಕೆ ನಾವಿಬ್ಬರು ಮಾತಾಡುವುದು ತುಳುವಿನಲ್ಲಿ.

ಸ್ವಂತ ಅಂಗಡಿ ಹಾಕಿದ ಹೊಸತರಲ್ಲಿ ಆದ ಒಂದು ಅವಾಂತರ ಹೇಳುತ್ತೇನೆ. ಚಾರ್ಮಾಡಿ ಕಡೆಗೆ ಓಡುವ ಒಂದು ಖಾಸಗಿ ಬಸ್ಸಿನ ಎರಡೂ ಬದಿಗೆ ಹೆಸರು ಬರೆಯುವ ಕೆಲಸ ಸಿಕ್ಕಿತು. ಆಗ ಓರೆ ಅಕ್ಷರ ಹೊಸ ಫ್ಯಾಶನ್. ಬಸ್ಸಿನ ಬಲಬದಿಗೆ ನಿಂತು ನೋಡಿದರೆ ಅದರ ಮೂತಿ ನಮ್ಮ ಬಲಕ್ಕೆ ಇರುತ್ತದೆ. ಅಕ್ಷರವನ್ನೂ ಬಲಕ್ಕೆ ಓರೆ ಮಾಡಿದರೆ ನಿಂತ ಬಸ್ಸೂ ಓಡುವ ಹಾಗೆ ಕಾಣುತ್ತದೆ. ಚಂದ ಬಂತು. ಅದೇ ಹುರುಪಿನಲ್ಲಿ ಎಡಬದಿಗೂ ಹಾಗೆಯೇ ಬಲಕ್ಕೆ ಓರೆ ಮಾಡಿ ಬರೆದೆ. ಆ ಬದಿಯಲ್ಲಿ ಬಸ್ಸಿನ ಮೂತಿ ಎಡಕ್ಕೆ ಇರುತ್ತದೆ ಎಂಬುದು ತಲೆಗೆ ಹೋಗಲೇ ಇಲ್ಲ. ಬಸ್ಸಿನ ಯಜಮಾನ ಬಂದು ನೋಡಿದ.

"ಸಂಜೀವ, ಈಚೆಯಿಂದ ನೋಡಿದರೆ ನನ್ನ ಬಸ್ಸು ಘಾಟಿಯಲ್ಲಿ ಬ್ರೇಕ್ ತಪ್ಪಿ ಹಿಂದಕ್ಕೆ ಜಾರುವ ಹಾಗೆ ಉಂಟಲ್ಲ ಮಾರಾಯ! ಇದಕ್ಕೆ ಯಾರು ಹತ್ತುತ್ತಾರೆ?"

ಸುತ್ತ ನಿಂತಿದ್ದ ಡ್ರೈವರು ಕಂಡಕ್ಟರುಗಳೆಲ್ಲ ಹೊಟ್ಟೆ ಹಿಡಿದು ನಕ್ಕರು. ಮನೆಗೆ ಬಂದು ಅನ್ನ ಬಿಟ್ಟು ಕೂತೆ. ಎಡಕ್ಕೆ ಓರೆ ಮಾಡಿದರೆ ಕನ್ನಡ ಅಕ್ಷರ ಓದಲು ಕಷ್ಟ, ಬಿದ್ದ ಹಾಗೆ ಕಾಣುತ್ತದೆ. ಬಲಕ್ಕೆ ಮಾಡಿದರೆ ಬಸ್ಸು ಹಿಂದೆ ಹೋಗುತ್ತದೆ. ವಾರಿಜ ಬೀಡಿಯ ಗೆರಸೆಯಿಂದ ತಲೆ ಎತ್ತದೆ ಹೇಳಿದಳು:

"ಆ ಬದಿಗೆ ನೆಟ್ಟಗೆ ಬರಿ. ಅಕ್ಷರದ ಬಾಲದಿಂದ ಹಿಂದಕ್ಕೆ ಎರಡೆರಡು ಸಪೂರ ಗೆರೆ ಎಳೆ, ಗಾಳಿಗೆ ಹಾರಿದ ಹಾಗೆ. ಓಡುವುದು ಬಸ್ಸಲ್ವಾ? ಅಕ್ಷರ ಯಾಕೆ ಓಡಬೇಕು?"

ಹಾಗೆಯೇ ಮಾಡಿದೆ. ಮತ್ತೆ ಬಂಟ್ವಾಳ, ಬೆಳ್ತಂಗಡಿ ಕಡೆಯ ಎಷ್ಟೋ ಬಸ್ಸಿನವರು "ಸಂಜೀವನ ಗಾಳಿಗೆರೆ ಬೇಕು" ಎಂದು ಕೇಳಿಕೊಂಡು ಬಂದರು. ಸಂಜೀವನ ಗಾಳಿಗೆರೆ! ನಾನು ಯಾರಿಗೂ ತಿದ್ದಿ ಹೇಳಲಿಲ್ಲ.

ಇನ್ನೊಂದು ಗೋಣಿಯ ಕೆಲಸ. ಮಡಂತ್ಯಾರು ಕಡೆಯ ಒಂದು ಅಕ್ಕಿ ಮಿಲ್ಲಿನವರಿಗೆ ಗೋಣಿಯ ಮೇಲೆ ಹೆಸರು ಒತ್ತುವ ಅಚ್ಚು ಬೇಕಿತ್ತು. ಹಾಳೆಯಲ್ಲಿ ಅಕ್ಷರದ ಆಕಾರ ಕೊಯ್ದು ತೆಗೆದು, ಆ ಹಾಳೆಯನ್ನು ಗೋಣಿಯ ಮೇಲಿಟ್ಟು ಬಣ್ಣ ಒತ್ತುವುದು. ಕೇಳಲು ಸುಲಭ. ಆದರೆ ‘ರ’ದ ಹಾಗೆ ಉರುಟಾದ, ದುಂಡಗಿನ ಅಕ್ಷರ ಕೊಯ್ದರೆ ನಡುವಿನ ಬಿಲ್ಲೆ ಕಳಚಿ ಬೀಳುತ್ತದೆ. ಅದು ಬೀಳದಂತೆ ಮೇಲೆ ಒಂದು, ಕೆಳಗೆ ಒಂದು ಸಪೂರ ಪಟ್ಟಿ ಕೊಯ್ಯದೆ ಬಿಡಬೇಕು. ಹಾಗೆ ಬಿಟ್ಟಲ್ಲಿ ಅಕ್ಷರ ತುಂಡಾದ ಹಾಗೆ ಕಾಣುತ್ತದೆ, ಆದ್ದರಿಂದ ನಾನು ಪಟ್ಟಿಯನ್ನು ಆದಷ್ಟು ಸಪೂರ ಮಾಡಿದೆ. ಗೋಣಿ ಬಣ್ಣ ಕುಡಿಯುತ್ತದೆ. ನಾಲ್ಕು ಗೋಣಿ ಒತ್ತುವಷ್ಟರಲ್ಲಿ ಬಣ್ಣ ಹಬ್ಬಿ ಎಲ್ಲ ಅಕ್ಷರ ಮುಚ್ಚಿಹೋಗಿ ಕಪ್ಪು ಉಂಡೆ ಆಯಿತು. ಮಿಲ್ಲಿನ ಸಾಹುಕಾರರು ಅಚ್ಚನ್ನು ನನ್ನ ಮೇಜಿನ ಮೇಲೆ ಎಸೆದು ಹೋದರು.

ವಾರಿಜ ಆ ಗೋಣಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಅಮ್ಮನ ಎದೆಯ ಹಳೆಯ ಎಕ್ಸ್‌ರೇ ಹಾಳೆ ಇತ್ತು. ಅದನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆದು, ಒಣಗಿಸಿ, ಬ್ಲೇಡಿನಲ್ಲಿ ಕೊಯ್ಯಲು ಕೂತಳು. ಪಟ್ಟಿಗಳನ್ನು ನನ್ನದಕ್ಕಿಂತ ಮೂರು ಪಾಲು ಅಗಲ ಬಿಟ್ಟಳು. "ಇಷ್ಟು ಅಗಲ ಬಿಟ್ಟರೆ ಅಕ್ಷರ ಒಡೆದ ಹಾಗೆ ಕಾಣ್ತದೆ ಮಾರಾಯ್ತಿ" ಎಂದೆ. "ನಿನ್ನ ಕಣ್ಣಿಗೆ ಕಾಣ್ತದೆ. ಗೋಣಿ ನೋಡಲಿ" ಎಂದಳು. ಒತ್ತಿ ನೋಡಿದರೆ ಬಣ್ಣ ಹಬ್ಬಿ, ಎಷ್ಟು ಬೇಕೋ ಅಷ್ಟಕ್ಕೆ ನಿಂತಿತು. ತುಂಡು ಕಾಣಲಿಲ್ಲ, ಮುಚ್ಚಲೂ ಇಲ್ಲ. ಸಾಹುಕಾರರು ಮರುದಿನ ಅಂಗಡಿಗೆ ಬಂದು ಬೆನ್ನು ತಟ್ಟಿ, "ಎಂಥ ಕೈ ಮಾರಾಯ ನಿಂದು!" ಎಂದರು. ನಾನು ಆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನಕ್ಕೆ.

ವಾರಿಜ ಮದುವೆಯಾಗಿ ಮಡಂತ್ಯಾರಿಗೆ ಹೋದ ಮೇಲೂ ನನ್ನ ಅಂಗಡಿಯ ಅಚ್ಚುಗಳನ್ನೆಲ್ಲ ಅವಳೇ ಕೊಯ್ದಳು. ಬೋರ್ಡಿನ ಕೆಳಮೂಲೆಯಲ್ಲಿ ಬರೆದವನ ಹೆಸರು ಹಾಕುವುದು ನಮ್ಮ ಕೆಲಸದ ಕ್ರಮ. ಅಚ್ಚಿಗೆ ಹೆಸರು ಹಾಕುವ ಕ್ರಮ ಇಲ್ಲ. ಈ ನೆಪ ನನಗೆ ಅನುಕೂಲವಾಯಿತು. ಅಂಗಡಿಯಿಂದ ಹೊರಗೆ ಹೋದದ್ದೆಲ್ಲ ಅಂಗಡಿಯವನದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಅವಳೂ ಹೆಸರು ಹಾಕು ಎಂದು ಕೇಳಲಿಲ್ಲ.

ಆಮೇಲೆ ಫ್ಲೆಕ್ಸ್ ಬಂತು. ನಾವು ಎರಡು ದಿನ ಬರೆಯುವ ಬೋರ್ಡು ಮೆಷಿನ್ನಿನಿಂದ ಊಟದ ಹೊತ್ತಿಗೆ ಹೊರಬರುತ್ತಿತ್ತು, ಫೋಟೊ ಸಮೇತ. ನಾನು ಅದನ್ನು ಬೈಯುವವನಲ್ಲ. ಬಡವರಿಗೂ ಅಂಗಡಿಗೊಂದು ಬೋರ್ಡು ಆಯಿತು. ಆದರೆ ರಸ್ತೆ ದಾಟಿ ಹೋಗಿ ಓದಿ ನೋಡುವವರು ಇಲ್ಲದಾದರು. ಹಾಗಾಗಿಯೇ ಈಗ ಬೋರ್ಡಿನಲ್ಲಿ ಯಜಮಾನರ ಮುಖ ದೊಡ್ಡದು, ಅಂಗಡಿಯ ಹೆಸರು ಸಣ್ಣದು. ನಾನು ಕೆಲವು ವರ್ಷ ಶಾಲೆಯ ಗೋಡೆ, ಗಾಡಿಯ ನಂಬರು ಬರೆದು ನೂಕಿದೆ. ಮತ್ತೆ ಬಲಗೈ ನಡುಗಲು ಸುರುವಾಯಿತು. ಅಂಗಡಿಗೆ ಬಾಗಿಲು ಹಾಕಿದೆ.

ಸಫಿಯಾ ನನ್ನ ಮನೆ ಹುಡುಕಿಕೊಂಡು ಬಂದದ್ದು ಅದಾಗಿ ಕೆಲವು ವರ್ಷಕ್ಕೆ. ಬಿ.ಸಿ.ರೋಡಿನಲ್ಲಿ ಅವಳ ತಂದೆಯ ಬಟ್ಟೆ ಅಂಗಡಿಯ ಬೋರ್ಡು ನಾನು ಬರೆದದ್ದಂತೆ. ತಂದೆ ಗಲ್ಫಿಗೆ ಹೋಗುವಾಗ ಅಂಗಡಿಯನ್ನು ಬೇರೆಯವರಿಗೆ ಕೊಟ್ಟರೂ ಆ ಬೋರ್ಡು ಮನೆಯಲ್ಲಿ ಇಟ್ಟುಕೊಂಡಿದ್ದಾರಂತೆ. ಅವಳ ಜೊತೆ ಪ್ರಜ್ವಲ್ ಎಂಬ ಅವಳ ಸಹೋದ್ಯೋಗಿಯೂ ಇದ್ದ.

ಕಂಪ್ಯೂಟರ್ ಭಾಷೆ ಎಂದರೆ ಏನು ಎಂದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಕಂಪ್ಯೂಟರಿಗೆ ಕೆಲಸ ಹೇಳಲು ಬೇರೆಯೇ ಒಂದು ಬರವಣಿಗೆಯ ಕ್ರಮ ಬೇಕು, ಅಂಥದ್ದನ್ನು ಕೆಲವರು ಸೇರಿ ಕಟ್ಟಿದ್ದಾರೆ, ಯಾರಿಗೂ ಸಂಬಳ ಇಲ್ಲ, ಬೇರೆ ಬೇರೆ ಊರಿನಲ್ಲಿ ಕೂತು ಬಿಡುವಿನಲ್ಲಿ ಕಟ್ಟುತ್ತಾರೆ, ಯಾರು ಬೇಕಾದರೂ ಸೇರಬಹುದು ಎಂದು ಅವಳು ವಿವರಿಸಿದಳು. ಕೆಲಸವನ್ನು ಸಣ್ಣ ಸಣ್ಣ ಕಾಳಾಗಿ ಒಡೆದು ಹೇಳುವ ಭಾಷೆಯಾದ್ದರಿಂದ ರವೆ ಎಂದು ಹೆಸರು.

"ಉಪ್ಪಿಟ್ಟಿನ ರವೆಯಾ?" ಎಂದೆ.

"ಎಲ್ಲರೂ ಅದನ್ನೇ ಕೇಳುವುದು" ಎಂದ ಪ್ರಜ್ವಲ್. "ಅದಕ್ಕೇ ನಮ್ಮ ಹಳೇ ಲೋಗೊದಲ್ಲಿ ಬಾಯಿ ತೆರೆದ ಗೋಣಿ, ಅದರೊಳಗೆ ರಾಶಿ ಕಾಳು. ದೊಡ್ಡದು ಮಾಡಿದರೆ ಚಂದ ಉಂಟು. ಮೊಬೈಲಿನಲ್ಲಿ ನೋಡಿ."

ನೋಡಿದೆ. ಉಗುರಿನಷ್ಟು ಸಣ್ಣ ಚೌಕದಲ್ಲಿ ಏನೋ ಮೆತ್ತಿದ ಹಾಗೆ ಇತ್ತು. ಯಾರೋ ಅದನ್ನು ಕೊಳೆತ ಹಲ್ಲು ಎಂದಿದ್ದರಂತೆ. ಅವರಿಗೆ ಬೇಕಾದದ್ದು ಹೊಸದು: ಒಂದೇ ಬಣ್ಣ, ‘ರ’ ಅಕ್ಷರ ಇರಬೇಕು, ಕಡಲೆಯಷ್ಟು ಸಣ್ಣದಾದರೂ ಗುರುತು ಸಿಗಬೇಕು, ಕಂಪ್ಯೂಟರಿನ ರೆಡಿಮೇಡ್ ಅಕ್ಷರದ ಹಾಗೆ ಇರಬಾರದು, ಕೈಯದ್ದು ಎಂದು ಕಾಣಬೇಕು.

ಎರಡು ವಾರ ಬರೆದೆ. ನಡುಗುವ ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು ಬರೆದೆ. ತಲೆಕಟ್ಟಿಗೆ ಬಳ್ಳಿ ಹಾಕಿದೆ, ನೆರಳು ಕೊಟ್ಟೆ, ಉರುಟಿನ ಒಳಗೆ ಒಂದು ಕಾಳು ಇಟ್ಟೆ. ಸಫಿಯಾ ಎಲ್ಲವನ್ನೂ ತಮ್ಮ ಗುಂಪಿನ ಮುಂದೆ ಇಟ್ಟಳು. ಅವರ ಕ್ರಮ ನನಗೆ ಆಶ್ಚರ್ಯ. ಒಬ್ಬೊಬ್ಬರೂ ತಮ್ಮ ಹೆಸರು ಹಾಕಿಯೇ ಅಭಿಪ್ರಾಯ ಬರೆಯುತ್ತಾರೆ. "ಮದುವೆ ಕಾಗದದ ಹಾಗೆ ಉಂಟು" ಎಂದು ಒಬ್ಬ. "ಅಕ್ಷರ ಚಂದ, ಆದರೆ ಸಣ್ಣದು ಮಾಡಿದರೆ ತೂತು ಮುಚ್ಚುತ್ತದೆ" ಎಂದು ಇನ್ನೊಬ್ಬಳು. ಇವಳ ಮಾತು ಸರಿ ಎಂದು ಮೂರನೆಯವನು. ಮುಖ ನೋಡಿ ಮಾತಾಡುವವರಲ್ಲ, ಆದರೆ ಮರ್ಯಾದೆ ಬಿಟ್ಟು ಒಂದು ಶಬ್ದ ಇಲ್ಲ. ನಮ್ಮ ಕಾಲದಲ್ಲಿ ಬೋರ್ಡು ಚಂದ ಇಲ್ಲದಿದ್ದರೆ ಬೆನ್ನ ಹಿಂದೆ ಹೇಳುತ್ತಿದ್ದರು.

ತೂತು ಮುಚ್ಚುತ್ತದೆ ಎಂಬ ಮಾತು ಕೇಳಿದಾಗ ನನಗೆ ಗೋಣಿ ನೆನಪಾಯಿತು. ಮರುದಿನ ಬೆಳಿಗ್ಗೆ ಮಡಂತ್ಯಾರಿನ ಬಸ್ಸು ಹತ್ತಿದೆ.

ವಾರಿಜ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. "ಎಷ್ಟು ಸಣ್ಣ?"

"ಕಡಲೆಯಷ್ಟು."

ಅವಳು ಪೆನ್ಸಿಲ್ ಹಿಡಿಯುವವಳಲ್ಲ. ಕೊಯ್ದರೆ ಮಾತ್ರ ಅವಳಿಗೆ ಅಕ್ಷರ ಬರುವುದು. ಪೆಟ್ಟಿಗೆಯಿಂದ ಒಂದು ಎಕ್ಸ್‌ರೇ ಹಾಳೆಯ ತುಂಡು ತೆಗೆದು, ಅದರ ಮೇಲೆ ಗೆರೆ ಕೂಡ ಎಳೆಯದೆ ಬ್ಲೇಡು ಇಟ್ಟಳು. ಉರುಟಿನ ಮೇಲೆ ಒಂದು ಅಗಲ ಪಟ್ಟಿ ಬಿಟ್ಟಳು, ಕೆಳಗೆ ಒಂದು. ಮೇಲೆ ಒಂದು ಸಣ್ಣ ತಲೆಕಟ್ಟು. ನಾನು ಒಂದು ವೀಳ್ಯ ಹಾಕಿ ಮುಗಿಸುವಷ್ಟರಲ್ಲಿ ಮುಗಿಯಿತು. ಎತ್ತಿ ಕಿಟಕಿಗೆ ಹಿಡಿದಳು. ಬೆಳಕಿನಲ್ಲಿ ‘ರ’ ಉರಿಯುತ್ತಿತ್ತು.

"ತಕೊಂಡು ಹೋಗು. ಬೇಡ ಅಂದರೆ ಬಿಸಾಡು" ಎಂದಳು.

ಮನೆಗೆ ಬಂದು ಅದನ್ನು ಕಾಗದದ ಮೇಲಿಟ್ಟು ಗೆರೆ ಎಳೆದು ಶಾಯಿ ತುಂಬಿ ಕೊಟ್ಟೆ. ಸಫಿಯಾ ಮತ್ತು ಪ್ರಜ್ವಲ್ ಅದರ ಫೋಟೊ ತೆಗೆದರು. ಮೊಬೈಲಿನಲ್ಲಿ ಸಣ್ಣದು ಮಾಡಿದರು, ಇನ್ನೂ ಸಣ್ಣದು ಮಾಡಿದರು. ಮುಚ್ಚಲಿಲ್ಲ. ಆಗ ಪ್ರಜ್ವಲ್ ಕೂಗಿದ:

"ಸಫಿಯಾ, ನೋಡು ಮಾರಾಯ್ತಿ! ಇದು ಬ್ರಾಕೆಟ್! ಎಡಕ್ಕೊಂದು, ಬಲಕ್ಕೊಂದು!"

ರವೆ ಭಾಷೆಯಲ್ಲಿ ಪ್ರತಿಯೊಂದನ್ನೂ ಬ್ರಾಕೆಟಿನ ಒಳಗೇ ಬರೆಯುವುದಂತೆ. ಮೇಲೆ ಕೆಳಗೆ ಪಟ್ಟಿ ಬಿಟ್ಟಾಗ ಉರುಟು ಎರಡು ತುಂಡಾಗಿ, ಒಂದಕ್ಕೊಂದು ಮುಖ ಮಾಡಿದ ಎರಡು ಬ್ರಾಕೆಟ್ ಆಗಿತ್ತು. ವಾರಿಜಳಿಗೆ ಬ್ರಾಕೆಟ್ ಗೊತ್ತಿಲ್ಲ. ನಡುವಿನ ಬಿಲ್ಲೆ ಬೀಳದ ಹಾಗೆ ಅವಳು ಕೊಯ್ದದ್ದು ಅಷ್ಟೆ.

"ಸಂಜೀವಣ್ಣ, ನಿಮ್ಮ ತಲೆಗೆ ಇದು ಹೇಗೆ ಬಂತು?" ಎಂದಳು ಸಫಿಯಾ.

ಅದೇ ಕ್ಷಣ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು ಎಂದರೆ ಸುಳ್ಳು, ಬಂದಿರಲಿಲ್ಲ. ಕೆಲಸ ಬಿಟ್ಟು, ಕೈ ನಡುಗಿ, ಯಾರಿಗೂ ಬೇಡವಾಗಿ ಕೂತವನನ್ನು ಇಬ್ಬರು ಕಲಿತವರು ಬಾಯಿ ಬಿಟ್ಟು ನೋಡುತ್ತಿದ್ದರು. "ಅಭ್ಯಾಸ" ಎಂದೆ.

ಗುಂಪಿನವರೆಲ್ಲ ಮತ ಹಾಕಿ ಅದನ್ನೇ ಆರಿಸಿದರು. ಮೂಡುಬಿದಿರೆಯ ಕಾಲೇಜಿನಲ್ಲಿ ಅವರ ವರ್ಷದ ಸಭೆ ನಡೆಯಿತು. ನನಗೆ ಶಾಲು ಹೊದೆಸಿದರು. ಒಬ್ಬಳು ವಿದ್ಯಾರ್ಥಿನಿ ಮೈಕು ಹಿಡಿದು ಬ್ರಾಕೆಟಿನ ಉಪಾಯ ಹೇಗೆ ಹೊಳೆಯಿತು ಎಂದು ಕೇಳಿದಳು. ಬರೇ ಸುಮ್ಮನಿದ್ದಿದ್ದರೂ ಸಾಕಿತ್ತು. ನಾನು ಕಥೆ ಕಟ್ಟಿದೆ. ನಿಮ್ಮ ಭಾಷೆಯ ಪುಸ್ತಕ ತಿರುಗಿಸಿ ನೋಡಿದೆ, ಎಲ್ಲ ಕಡೆ ಈ ಬಾಗಿದ ಗೆರೆಗಳು ಕಂಡವು, ನಿದ್ದೆ ಬರಲಿಲ್ಲ ಎಂದೆಲ್ಲ ಹೇಳಿದೆ. ಚಪ್ಪಾಳೆ ಬಿತ್ತು. ಅವರ ದಾಖಲೆಯಲ್ಲಿ ಲೋಗೊದ ಕೆಳಗೆ ನನ್ನ ಹೆಸರು ಸೇರಿತು. ಲೋಗೊದ ಸ್ಟಿಕ್ಕರ್ ಮಾಡಿಸಿ ಶಾಲೆ ಕಾಲೇಜಿನ ಮಕ್ಕಳಿಗೆಲ್ಲ ಹಂಚಿದರು.

ಮುಂದಿನ ವಾರ ವಾರಿಜ ಫೋನಿನಲ್ಲಿ ಕೇಳಿದಳು: "ಅಣ್ಣ, ಆ ‘ರ’ ಎಂತ ಆಯ್ತು?"

"ಅವರು ಬೇರೆ ಏನೋ ತಕೊಂಡರು" ಎಂದೆ.

"ಆಯ್ತು" ಎಂದಳು. ಮಳೆಯ ವಿಷಯ ಮಾತಾಡಿದಳು.

ಈಗ ನಾನು ಇದನ್ನೆಲ್ಲ ಬರೆಯುತ್ತಿರುವುದು ಧೈರ್ಯ ಬಂದು ಅಲ್ಲ. ಸಫಿಯಾ ಬರೆದು ಕೊಡಿ ಎಂದಾಗ, ಅವರ ಕೆಲಸದ ಕ್ರಮ ನೋಡಿ ಬರೆಯುವ ಎಂದು ಅವಳ ಕಾಲೇಜಿಗೆ ಹೋಗಿ ಕೂತಿದ್ದೆ. ಭಾಷೆಯಲ್ಲಿ ಯಾರು ಯಾವ ಸಾಲು ಬದಲಿಸಿದರೂ ಅವರ ಹೆಸರು, ಬದಲಿಸಿದ ಕಾರಣ ಅಲ್ಲಿ ಉಳಿಯುತ್ತದೆ. ಅವಳು ಓದಿ ತೋರಿಸಿದಳು. ಒಬ್ಬ ಹುಡುಗಿ ಬರೆದಿದ್ದಳು: "ನಿನ್ನೆ ನಾನು ಹಾಳು ಮಾಡಿದ್ದನ್ನು ಸರಿ ಮಾಡಿದ್ದೇನೆ." ಕೆಳಗೆ ಅವಳ ಪೂರ್ತಿ ಹೆಸರು.

"ಇವಳಿಗೆ ನಾಚಿಕೆ ಆಗುವುದಿಲ್ಲವಾ?" ಎಂದೆ.

"ಯಾಕೆ ಸಂಜೀವಣ್ಣ? ಹೇಳದಿದ್ದರೆ ಮುಂದೆ ಅದರ ಮೇಲೆ ಕಟ್ಟುವವರಿಗೆ ಕಷ್ಟ ಅಲ್ವಾ?"

ಅಲ್ಲಿ ನನಗೆ ಕೂರಲು ಆಗಲಿಲ್ಲ. ಸೊಂಟ ನೋವು ಎಂದು ಎದ್ದು ಬಂದೆ.

ಮರುದಿನ ಮಡಂತ್ಯಾರಿಗೆ ಹೋದಾಗ ವಾರಿಜ ಅಂಗಳದಲ್ಲಿ ಪುನರ್ಪುಳಿ ಹಣ್ಣಿನ ಸಿಪ್ಪೆ ಒಣಗಿಸುತ್ತಿದ್ದಳು. ಕೈಯೆಲ್ಲ ಕೆಂಪು. ನಾನು ಜಗಲಿಯಲ್ಲಿ ಕೂರದೆ ಬಿಸಿಲಿನಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಶಾಲು, ಕಟ್ಟಿದ ಕಥೆ, ಫೋನಿನ ಸುಳ್ಳು. ಗಾಳಿಗೆರೆ, ಗೋಣಿ ಎಲ್ಲವೂ ಬಂತು. ಅವಳು ಸಿಪ್ಪೆ ಮಗುಚುವುದನ್ನು ನಿಲ್ಲಿಸಲಿಲ್ಲ.

"ಗೊತ್ತುಂಟು" ಎಂದಳು. "ಮೊಮ್ಮಗಳ ನೀರಿನ ಬಾಟ್ಲಿಯಲ್ಲಿ ಆ ಸ್ಟಿಕ್ಕರ್ ಉಂಟು. ಒಂದು ವರ್ಷ ಆಯ್ತು ನೋಡುತ್ತಾ ಇದ್ದೇನೆ."

"ಮತ್ತೆ ಯಾಕೆ ಕೇಳಲಿಲ್ಲ?"

"ನೀನು ಬೇರೆ ತಕೊಂಡರು ಅಂದೆಯಲ್ಲ. ನೋಡಿದರೆ ಅದು ಬೇರೆಯೇ. ನಾನು ಕೊಯ್ದದ್ದು ಅಲ್ಲ."

ನನಗೆ ಅರ್ಥವಾಗಲಿಲ್ಲ.

"ಕೆಳಗಿನ ಪಟ್ಟಿ ನೋಡು. ನಾನು ಓರೆ ಬಿಟ್ಟಿದ್ದೆ. ಬಾಟ್ಲಿಯಲ್ಲಿ ನೆಟ್ಟಗೆ ಉಂಟು."

ಹೌದು. ಶಾಯಿ ತುಂಬುವಾಗ ಕೆಳಗಿನ ಪಟ್ಟಿ ಓರೆ ಇರುವುದನ್ನು ನೋಡಿ, ಪಾಪ, ವಯಸ್ಸಾಯಿತು, ಬ್ಲೇಡು ಜಾರಿರಬೇಕು ಎಂದುಕೊಂಡು ನಾನೇ ಸ್ಕೇಲು ಇಟ್ಟು ನೆಟ್ಟಗೆ ಮಾಡಿದ್ದೆ. ಅವಳ ಕೈಯನ್ನು ಕದ್ದದ್ದಲ್ಲದೆ ತಿದ್ದಲೂ ಹೋಗಿದ್ದೆ.

"ಕದ್ದದ್ದು ಬಿಡು" ಎಂದಳು ವಾರಿಜ, ಮೊದಲ ಸಲ ನನ್ನ ಮುಖ ನೋಡಿ. ಅವಳ ಕಣ್ಣು ತುಂಬಿತ್ತು. "ಹಾಳು ಯಾಕೆ ಮಾಡಿದ್ದು? ದಿನಾ ಬೆಳಿಗ್ಗೆ ಆ ಬಾಟ್ಲಿಗೆ ನೀರು ತುಂಬಿಸುವುದು ನಾನು."

ಇಷ್ಟು ವರ್ಷದಲ್ಲಿ ಅವಳು ನನಗೆ ಗದರಿಸಿದ್ದು ಅದೊಂದೇ. ನಾನು ಅಲ್ಲೇ ಸಿಪ್ಪೆಯ ಪಕ್ಕ ನೆಲದಲ್ಲಿ ಕೂತೆ. ನಾನೂ ನಾಲ್ಕು ಸಿಪ್ಪೆ ಮಗುಚಿ, "ಮೂಡುಬಿದಿರೆಗೆ ಹೋಗುವ, ನೀನೇ ಹೇಳು ಅವರಿಗೆ" ಎಂದೆ.

"ನಾನು ಎಂತ ಹೇಳುವುದು? ಹೇಳಬೇಕಾದವ ನೀನು" ಎಂದಳು. ಆದರೆ ಕೈ ತೊಳೆಯಲು ಎದ್ದಳು.

ಗುರುವಾಯನಕೆರೆಗೆ ಹೋಗಿ, ಅಲ್ಲಿಂದ ವೇಣೂರಿನ ಮೇಲೆ ಹೋಗುವ ಬಸ್ಸು ಹತ್ತಿದೆವು. ಕಾಲೇಜಿನ ಕೋಣೆಯಲ್ಲಿ ಸಫಿಯಾ, ಪ್ರಜ್ವಲ್ ಮತ್ತು ಏಳೆಂಟು ವಿದ್ಯಾರ್ಥಿಗಳು ಇದ್ದರು. ಸಭೆಯಲ್ಲಿ ಮೈಕು ಹಿಡಿದು ಪ್ರಶ್ನೆ ಕೇಳಿದವಳೂ ಇದ್ದಳು. ನಾನು ನಿಂತುಕೊಂಡೇ ಹೇಳಿದೆ. ಯಾರೂ ನಗಲಿಲ್ಲ. ಸಫಿಯಾಳ ಮುಖ ಸಣ್ಣದಾಯಿತು. ಅವಳು ನನ್ನ ಕಡೆ ನೋಡದೆ ವಾರಿಜಳ ಕಡೆಗೆ ತಿರುಗಿ ಕುರ್ಚಿ ಎಳೆದು ಕೊಟ್ಟಳು.

"ವಾರಿಜಕ್ಕ, ನಿಮ್ಮ ಹೆಸರು ಈಗಲೇ ಹಾಕುತ್ತೇನೆ."

"ಈಗ ಬೇಡ. ಅದನ್ನು ಸರಿ ಮಾಡದೆ ನನ್ನ ಹೆಸರು ಹಾಕಬೇಡಿ."

ದೊಡ್ಡ ಪರದೆಯ ಮೇಲೆ ‘ರ’ ಬಂತು, ಗೋಡೆಯಷ್ಟು ದೊಡ್ಡದು. ವಾರಿಜ ತಾನು ಕೊಯ್ದದ್ದನ್ನು ಅಷ್ಟು ದೊಡ್ಡದಾಗಿ ಎಂದೂ ನೋಡಿರಲಿಲ್ಲ. ಎದ್ದು ಹೋಗಿ ಪರದೆಯ ಕೆಳಭಾಗಕ್ಕೆ ಬೆರಳಿಟ್ಟಳು. ಪ್ರಜ್ವಲ್ ಮೌಸ್ ಹಿಡಿದ.

"ಈ ತುದಿ ಮೇಲೆ. ಇನ್ನು ಸ್ವಲ್ಪ. ಹೆಚ್ಚಾಯ್ತು, ಕೆಳಗೆ ಬಾ. ಹಾಂ, ಅಲ್ಲೇ. ಮುಟ್ಟಬೇಡ ಇನ್ನು."

"ಓರೆ ಯಾಕೆ ಅಕ್ಕ?" ಎಂದು ಮೈಕಿನ ಹುಡುಗಿ ಕೇಳಿದಳು. ನನಗೆ ಕೇಳಿದ ಅದೇ ಧಾಟಿಯಲ್ಲಿ.

"ನೆಟ್ಟಗೆ ಬಿಟ್ಟರೆ ಕಣ್ಣು ಅಲ್ಲಿ ನಿಲ್ಲುತ್ತದೆ, ಎರಡು ತುಂಡು ಕಾಣುತ್ತದೆ. ಓರೆ ಬಿಟ್ಟರೆ ಕಣ್ಣು ಜಾರಿ ಆಚೆ ಹೋಗುತ್ತದೆ, ಒಂದೇ ಅಕ್ಷರ ಕಾಣುತ್ತದೆ. ಬೇಕಾದರೆ ನೋಡಿ."

ಪ್ರಜ್ವಲ್ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟ. ಕೋಣೆಯಲ್ಲಿ ಒಂದು "ಓ" ಎದ್ದಿತು. ಮಕ್ಕಳು ಬರೆದುಕೊಂಡರು. ಬೋರ್ಡು ಬರೆದು ಮುದುಕನಾದ ನಾನೂ ಅವತ್ತೇ ಅದನ್ನು ಕಲಿತೆ.

ಸಫಿಯಾ ದಾಖಲೆ ತೆರೆದು ನನ್ನ ಹೆಸರು ಅಳಿಸಿದಳು. ವಾರಿಜ ತಡೆದಳು.

"ಅದು ಯಾಕೆ ತೆಗೆದದ್ದು? ಕಾಗದಕ್ಕೆ ಇಳಿಸಿದ್ದು ಅವನೇ ಅಲ್ವಾ? ಹಾಗೇ ಹಾಕಿ. ಕೊಯ್ದದ್ದು ವಾರಿಜ, ಮಡಂತ್ಯಾರು. ಕಾಗದಕ್ಕೆ ಇಳಿಸಿದ್ದು ಸಂಜೀವ, ಬಿ.ಸಿ.ರೋಡು." ಸ್ವಲ್ಪ ಯೋಚಿಸಿ, "ಇಳಿಸುವಾಗ ತಪ್ಪಿದೆ ಅಂತ ಬರೀಬೇಕಾ?" ಎಂದು ಕೇಳಿದಳು.

"ಬೇಡ ಅಕ್ಕ. ಹಳೆಯದು ಅಲ್ಲೇ ಉಳಿದಿರುತ್ತದೆ, ಬೇಕಾದವರು ನೋಡಿಕೊಳ್ಳುತ್ತಾರೆ."

"ಬರಿ ಸಫಿಯಾ" ಎಂದೆ ನಾನು.

ನಾನು ಒಪ್ಪಿಕೊಂಡ ಮೇಲೆ ಅವಳು ಮೊದಲ ಸಲ ನನ್ನ ಕಡೆ ನೋಡಿದಳು. ನಾನು ಹೇಳುತ್ತಾ ಹೋದೆ, ಅವಳು ಬರೆದಳು: "ಕೆಳಗಿನ ಪಟ್ಟಿಯನ್ನು ನೆಟ್ಟಗೆ ಮಾಡಿ ಕೆಡಿಸಿದ್ದೂ, ಲೋಗೊ ನನ್ನದು ಎಂದು ಸಭೆಯಲ್ಲಿ ಹೇಳಿದ್ದೂ ಸಂಜೀವ. ಇಂದು ಎರಡನ್ನೂ ಸರಿ ಮಾಡಲಾಗಿದೆ."

ವಾರಿಜ ಅದನ್ನು ಪರದೆಯ ಮೇಲೆ ನಿಧಾನವಾಗಿ ಓದಿದಳು. ಮತ್ತೆ ಹಿಂದಕ್ಕೆ ಸರಿಯುತ್ತಾ ಸರಿಯುತ್ತಾ ಕೋಣೆ ದಾಟಿ, ಹೊರಗಿನ ಜಗಲಿಯ ತುದಿಗೆ ಹೋಗಿ ನಿಂತು, ಅಲ್ಲಿಂದ ತನ್ನ ‘ರ’ವನ್ನು ನೋಡಿದಳು. ಅವಳ ಹಿಂದೆಯೇ ಬಂದ ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ. ಬದಿಗೆ ಸರಿದೆ.